ಎಸಿ ಹಾಕಿದ ಮೇಲೆ ಮೇನ್ ಬೀಳುತ್ತಿದೆಯಾ? 63 ಆಂಪ್ ಎಂಸಿಬಿ ತರುವ ಮುಂಚೆ ಇಷ್ಟು ನೋಡಿ

ಏಪ್ರಿಲ್ ಬಂತು ಅಂದರೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ. ಮನೆಗೆ ಎರಡನೇ ಎಸಿ ಬಂದಿದೆ, ಮೇನ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತಿದೆ, "32ರದ್ದು ತೆಗೆದು 63ರದ್ದು ಹಾಕಿಬಿಡಿ, ಎಷ್ಟಾಗುತ್ತೆ ಹೇಳಿ". ಮುಂಬೈಯ ಸುತ್ತಮುತ್ತ ಡೊಂಬಿವಲಿ, ಥಾಣೆ, ಮುಲುಂಡ್, ಘಾಟ್ಕೋಪರ್ ಕಡೆ ನಮ್ಮ ಕನ್ನಡದ ಜನ ಇರುವ ಬಿಲ್ಡಿಂಗ್‌ಗಳು ಬಹಳಷ್ಟು ಹಳೆಯವು. ಕಟ್ಟಿದಾಗ ನಾಲ್ಕು ಫ್ಯಾನು, ಟ್ಯೂಬ್‌ಲೈಟು, ಒಂದು ಫ್ರಿಜ್, ಒಂದು ಟಿವಿ ಅಂತ ಲೆಕ್ಕ ಹಾಕಿ ವೈರ್ ಎಳೆದಿದ್ದರು. ಈಗ ಅದೇ ವೈರ್ ಮೇಲೆ ಎಸಿ, ಗೀಸರ್, ಇಂಡಕ್ಷನ್ ಒಲೆ, ಬಿಸಿನೀರಿನ ವಾಷಿಂಗ್ ಮಷಿನ್ ಎಲ್ಲ ಬಂದು ಕೂತಿವೆ.

63 ಹಾಕಿದರೆ ಬೀಳುವುದು ನಿಲ್ಲುತ್ತದೆ, ಅದು ನಿಜ. ಆದರೆ ಎಂಸಿಬಿ ಇರುವುದು ಎಸಿಯ ರಕ್ಷಣೆಗಲ್ಲ, ಗೋಡೆಯೊಳಗಿನ ವೈರಿನ ರಕ್ಷಣೆಗೆ. ಮೀಟರ್ ರೂಮಿನಿಂದ ನಿಮ್ಮ ಮನೆವರೆಗೆ ಬಂದಿರುವ ವೈರ್ 4 ಸ್ಕ್ವೇರ್ ಎಂಎಂ ತಾಮ್ರದ್ದಾದರೆ ಪೈಪಿನೊಳಗೆ ಅದು ತಡೆಯುವುದು ಸುಮಾರು 25ರಿಂದ 30 ಆಂಪ್. 32ರ ಎಂಸಿಬಿಯೇ ಅದಕ್ಕೆ ಹೆಚ್ಚಾಯಿತು. 63 ಕೂರಿಸಿದರೆ ಎಂಸಿಬಿಗೆ ಗೊತ್ತಾಗುವ ಮುಂಚೆ ವೈರಿನ ಪ್ಲಾಸ್ಟಿಕ್ ಕರಗಿರುತ್ತದೆ. ಹಾಗಾಗಿ ಮೊದಲು ಯಾಕೆ ಬೀಳುತ್ತಿದೆ ಅಂತ ಹುಡುಕಬೇಕು. ಕರೆಂಟ್ ಕಂಪನಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸುವ ಮಾತು ಆಮೇಲೆ.

ಕೈ ಹಾಕುವ ಮುಂಚೆ

ಮನೆಯ ಮೇನ್ ಆಫ್ ಮಾಡಿದರೂ ಮೀಟರ್ ಕಡೆಯಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ವಿಚ್ ಹಾಕಿ ತೆಗೆದು ನೋಡುವುದು, ಪ್ಲಗ್ ಕೀಳುವುದು, ವಾಸನೆ ನೋಡುವುದು, ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು, ಇಷ್ಟು ನಿಮ್ಮ ಕೆಲಸ. ಡಿಬಿಯ (ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬಿ) ಮುಚ್ಚಳ ಬಿಚ್ಚುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಮೀಟರ್ ಸೀಲ್ ಮುಟ್ಟುವ ಹಾಗೇ ಇಲ್ಲ. 2003ರ ವಿದ್ಯುತ್ ಕಾಯ್ದೆ ಪ್ರಕಾರ ಅದು ಅಪರಾಧ. "ಪಕ್ಕದ ಮನೆಯವರೂ ಮಾಡಿಸಿಕೊಂಡಿದ್ದಾರೆ" ಅಂದರೆ ನಡೆಯಲ್ಲ.

ಬಿದ್ದದ್ದು ಯಾವುದು?

ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದು. "ಕರೆಂಟ್ ಹೋಯ್ತು" ಅಂದರೆ ಏನೂ ಗೊತ್ತಾಗುವುದಿಲ್ಲ. ಡಿಬಿಯಲ್ಲಿ ಸಾಲಾಗಿರುವ ಸಣ್ಣ ಎಂಸಿಬಿಗಳಲ್ಲಿ ಒಂದು ಬಿದ್ದಿದ್ದರೆ ತೊಂದರೆ ಆ ಒಂದು ಲೈನಿನದ್ದು. 'ಟಿ' ಅಂತ ಬರೆದ ಸಣ್ಣ ಬಟನ್ ಇರುವ ಅಗಲದ ಸ್ವಿಚ್ ಬಿದ್ದಿದ್ದರೆ ಅದು ಕರೆಂಟ್ ಸೋರಿಕೆ ಹಿಡಿಯುವ ಆರ್‌ಸಿಸಿಬಿ. ಅದರ ಕಥೆಯೇ ಬೇರೆ, ಕೆಳಗೆ ಹೇಳುತ್ತೇನೆ. ಮನೆಯಲ್ಲಿ ಏನೂ ಬಿದ್ದಿಲ್ಲ, ಆದರೂ ಕತ್ತಲೆ ಅಂದರೆ ಕೆಳಗೆ ಮೀಟರ್ ರೂಮಿನಲ್ಲಿ ನಿಮ್ಮ ಮೀಟರ್ ಪಕ್ಕದ ಕಟ್‌ಔಟ್ (ಫ್ಯೂಸ್) ಅಥವಾ ಎಂಸಿಬಿ ಹೋಗಿರುತ್ತದೆ. ಪಕ್ಕದ ಮನೆಯಲ್ಲೂ ಇಲ್ಲ ಅಂದರೆ ಸೊಸೈಟಿಯ ಫ್ಯೂಸ್, ಇಲ್ಲವೇ ಕಂಪನಿಯ ಕೇಬಲ್.

ಒಂದು ವಿಷಯ ಹಲವರಿಗೆ ಗೊತ್ತಿಲ್ಲ. ಕೆಲವು ಮನೆಗಳಲ್ಲಿ ಮೇನ್ ಅಂತ ಹಾಕಿರುವುದು ಐಸೊಲೇಟರ್, ಅಂದರೆ ಬರೀ ಆನ್-ಆಫ್ ಸ್ವಿಚ್. ನೋಡಲು ಎಂಸಿಬಿ ಥರಾನೇ ಇರುತ್ತದೆ, ಆದರೆ ತಾನಾಗಿ ಬೀಳುವುದಿಲ್ಲ. ಅಂಥ ಮನೆಯಲ್ಲಿ ಲೋಡ್ ಜಾಸ್ತಿಯಾದರೆ ಬೀಳುವುದು ನಾಲ್ಕು ಮಹಡಿ ಕೆಳಗಿನ ಮೀಟರ್ ರೂಮಿನದ್ದು. ರಾತ್ರಿ 11ಕ್ಕೆ ವಾಚ್‌ಮನ್‌ನನ್ನು ಎಬ್ಬಿಸಿ ಕೀ ಕೇಳುವ ಕೆಲಸ ಆಗುತ್ತದೆ.

ಎಷ್ಟು ಹೊತ್ತಿಗೆ ಬಿತ್ತು?

ಕಾರಣ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮೀಟರ್ ಬೇಡ, ಟೆಸ್ಟರ್ ಬೇಡ, ಗಡಿಯಾರ ಸಾಕು.

ಸ್ವಿಚ್ ಒತ್ತಿದ ತಕ್ಷಣ ಟಪ್ ಅಂತ ಬಿದ್ದರೆ, ಮತ್ತೆ ಎತ್ತಿದಾಗಲೂ ಹಾಗೇ ಆದರೆ, ಅದು ಶಾರ್ಟ್. ಆ ಲೈನಿನ ಎಲ್ಲ ಪ್ಲಗ್ ಕಿತ್ತು ಇನ್ನೊಂದು ಸಲ ಎತ್ತಿ ನೋಡಿ. ನಿಂತರೆ ದೋಷ ಯಾವುದೋ ಸಾಮಾನಿನಲ್ಲಿದೆ, ನಿಲ್ಲದಿದ್ದರೆ ವೈರಿನಲ್ಲಿ. ಪದೇ ಪದೇ ಎತ್ತುತ್ತಾ ಕೂರಬೇಡಿ. ಶಾರ್ಟ್ ಇರುವಾಗ ಪ್ರತಿ ಸಲ ಎತ್ತಿದಾಗಲೂ ಎಂಸಿಬಿಯ ಒಳಗಿನ ಕಾಂಟ್ಯಾಕ್ಟ್ ಸುಡುತ್ತದೆ.

ಹಳೆ ಮಾದರಿಯ ಎಸಿಯ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಬಿದ್ದರೆ ಎಂಸಿಬಿಯ ಮೈಮೇಲೆ ಏನು ಬರೆದಿದೆ ನೋಡಿ. 'ಬಿ 16' ಅಂತಿದ್ದರೆ ಅದು 3ರಿಂದ 5 ಪಟ್ಟು ಕರೆಂಟಿಗೇ ಥಟ್ಟನೆ ಬೀಳುವ ಮಾದರಿ. 'ಸಿ' ಮಾದರಿ 5ರಿಂದ 10 ಪಟ್ಟಿನವರೆಗೆ ಸುಧಾರಿಸಿಕೊಳ್ಳುತ್ತದೆ. ಮೋಟರ್ ಇರುವ ಲೈನಿಗೆ ಸಿ ಬೇಕು. ಆಂಪ್ ಅಷ್ಟೇ ಇರಲಿ, ಮಾದರಿ ಬದಲಿಸಿದರೆ ಸಾಕು. ಇನ್ವರ್ಟರ್ ಎಸಿ ನಿಧಾನವಾಗಿ ಶುರುವಾಗುತ್ತದೆ, ಅದಕ್ಕೆ ಈ ಗೋಳು ಇಲ್ಲ.

ಇನ್ನು ಎಲ್ಲರ ತಲೆ ತಿನ್ನುವುದು ಮೂರನೇ ಬಗೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದಮೇಲೆ ಬೀಳುವುದು, ಅದೂ ಕೆಲವು ದಿನ ಮಾತ್ರ. ಡೊಂಬಿವಲಿಯ ಒಬ್ಬರು ಅಕ್ಕ, ವಿಜಯಪುರ ಕಡೆಯವರು, ಫೋನ್ ಮಾಡಿದ್ದರು.

"ತಮ್ಮಾ, ನಿನ್ನೆ ರಾತ್ರಿ ಮತ್ತ ಬಿತ್ತ ನೋಡಪಾ. ಮೊನ್ನೆ ಎಲ್ಲಾ ಹಿಂಗ ಹಚ್ಚಿದ್ವಿ, ಏನೂ ಆಗಲಿಲ್ಲ."

"ಅಕ್ಕಾ, ಬೀಳೂ ಮುಂದ ಏನೇನು ಚಾಲೂ ಇದ್ದವು, ಒಂದೊಂದ ಹೇಳ್ರಿ."

ಅವರು ಹೇಳಿದ ಪಟ್ಟಿಗೆ ಲೆಕ್ಕ ಹಾಕಿದೆ. ಲೆಕ್ಕ ಸುಲಭ: ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್. ಒಂದೂವರೆ ಟನ್ನಿನ ಎರಡು ಎಸಿ, ತಲಾ 7 ಆಂಪ್, ಒಟ್ಟು 14. ಗೀಸರ್ 2000 ವ್ಯಾಟ್, 8.7 ಆಂಪ್. ಇಂಡಕ್ಷನ್ ಒಲೆ 1800 ವ್ಯಾಟ್, 7.8. ಫ್ರಿಜ್, ಫ್ಯಾನ್, ಲೈಟ್ ಸೇರಿ 2. ಇಲ್ಲಿಗೆ 32.5 ಆಯಿತು. ವಾಷಿಂಗ್ ಮಷಿನ್ ನೀರು ಕಾಯಿಸಲು ಶುರು ಮಾಡಿದರೆ ಇನ್ನೊಂದು 8.7. ಒಟ್ಟು 41ಕ್ಕೆ ಹೋಯಿತು.

32ರ ಎಂಸಿಬಿ 33 ಆಂಪ್ ಆದ ಕೂಡಲೇ ಬೀಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅದರ ಸ್ಟ್ಯಾಂಡರ್ಡ್ ಹೇಳುವುದು ಹೀಗೆ: 1.13 ಪಟ್ಟು, ಅಂದರೆ ಸುಮಾರು 36 ಆಂಪ್‌ಗೆ ಒಂದು ಗಂಟೆ ಬೀಳಬಾರದು. 1.45 ಪಟ್ಟು, ಅಂದರೆ ಸುಮಾರು 46 ಆಂಪ್‌ಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವೆ ಇರುವುದು ಅದರ ಇಷ್ಟ. ಅಕ್ಕನ ಮನೆಯ 41 ಸರಿಯಾಗಿ ಆ ನಡುವಿನಲ್ಲಿ ಕೂತಿತ್ತು. ಇನ್ನೂ ಒಂದಿದೆ. ಈ ಲೆಕ್ಕ 30 ಡಿಗ್ರಿ ಬಿಸಿಗೆ ಹೇಳಿದ್ದು. ಮೇ ತಿಂಗಳಲ್ಲಿ ಅಡುಗೆಮನೆ ಬಾಗಿಲ ಮೇಲಿರುವ ಮುಚ್ಚಿದ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಆಗ ಎಂಸಿಬಿ ಬೇಗ ಸೋಲುತ್ತದೆ. ಮೊನ್ನೆ ಬೀಳದೆ ನಿನ್ನೆ ಬಿದ್ದದ್ದಕ್ಕೆ ಭೂತಪ್ರೇತ ಏನೂ ಕಾರಣ ಅಲ್ಲ. ನಿನ್ನೆ ಬಟ್ಟೆ ಒಗೆಯಲು ಹಾಕಿದ್ದು ಗೀಸರ್ ಉರಿಯುವ ಹೊತ್ತಿಗೆ, ಅಷ್ಟೇ.

ಇಂಥ ಕಡೆ ಖರ್ಚಿಲ್ಲದ ಪರಿಹಾರ ಒಂದಿದೆ. ಗೀಸರ್ ಆರಿಸಿದ ಮೇಲೆ ಮಷಿನ್ ಹಾಕಿ. ಬಹಳ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ. ದಿನಾ ಹೀಗೆ ಲೆಕ್ಕ ಇಟ್ಟುಕೊಂಡು ಬದುಕಲು ಆಗಲ್ಲ ಅನ್ನುವವರಿಗೆ ಮಾತ್ರ ಲೋಡ್ ಹೆಚ್ಚಿಸುವ ದಾರಿ.

ಲೋಡ್ ಇಲ್ಲದೆಯೂ ಬಿದ್ದರೆ

ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಆಂಪ್ ನೋಡುವ ಮೀಟರ್) ಹಾಕಿದರೆ 18, 19 ಆಂಪ್ ತೋರಿಸುತ್ತದೆ, ಆದರೂ 32ರ ಎಂಸಿಬಿ ಬೀಳುತ್ತದೆ. ಎಂಸಿಬಿ ಹೊಸದು ಹಾಕಿದರೂ ವಾರದಲ್ಲಿ ಮತ್ತೆ ಅದೇ ಹಾಡು. ಇಲ್ಲಿ ನೂರಕ್ಕೆ ತೊಂಬತ್ತು ಸಲ ಸ್ಕ್ರೂ ಸಡಿಲ ಅಂತ ಹೇಳಿದರೆ ತಪ್ಪಾಗಲ್ಲ.

ಮುಲುಂಡ್‌ನ ಒಂದು ಮನೆಯಲ್ಲಿ ಮುಚ್ಚಳ ತೆಗೆದಾಗ ಕಂಡದ್ದು ಹೇಳುತ್ತೇನೆ. ಎಂಸಿಬಿಯ ಮೇಲ್ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಸುಟ್ಟ ಮೀನಿನಂಥ ವಾಸನೆ. ವೈರನ್ನು ಮೆಲ್ಲಗೆ ಎಳೆದರೆ ಸ್ಕ್ರೂ ಬಿಗಿಯಾಗಿದ್ದರೂ ಅದು ಕೈಗೇ ಬಂತು. ಹಾಕಿದವರು ವೈರನ್ನು ಟರ್ಮಿನಲ್ಲಿನ ಗೂಡಿನೊಳಗೆ ತೂರಿಸುವ ಬದಲು ಹಿಂದಿನ ಸಂದಿಗೆ ತೂರಿಸಿದ್ದರು. ಸ್ಕ್ರೂ ತಿರುಗಿಸಿದಾಗ ಗೂಡು ಮುಚ್ಚಿಕೊಂಡಿತ್ತು, ವೈರ್ ಹಿಂದೆ ಸುಮ್ನೆ ಒರಗಿ ನಿಂತಿತ್ತು. ಅಷ್ಟು ಸಣ್ಣ ಜಾಗದಲ್ಲಿ 19 ಆಂಪ್ ಹರಿದರೆ ಅಲ್ಲಿ ಬಿಸಿಯಾಗದೆ ಇನ್ನೇನಾಗುತ್ತದೆ? ಎಂಸಿಬಿಯ ಒಳಗಿರುವ ಲೋಹದ ಪಟ್ಟಿ ಬಗ್ಗುವುದು ಬಿಸಿಗೆ. ಆ ಬಿಸಿ ಲೋಡಿನಿಂದ ಬಂತೋ ಸ್ಕ್ರೂವಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ.

ಇದೇ ಜಾತಿಯ ಇನ್ನೆರಡು: ಪ್ಲಾಸ್ಟಿಕ್ ಸರಿಯಾಗಿ ಸುಲಿಯದೆ ಸ್ಕ್ರೂ ಪ್ಲಾಸ್ಟಿಕ್ ಮೇಲೇ ಕೂತಿರುವುದು, ಮತ್ತು ಹಳೆ ಅಲ್ಯೂಮಿನಿಯಂ ವೈರ್. ಎಪ್ಪತ್ತು ಎಂಬತ್ತರ ದಶಕದ ಬಿಲ್ಡಿಂಗ್‌ಗಳಲ್ಲಿ ಅಲ್ಯೂಮಿನಿಯಂ ಈಗಲೂ ಸಿಗುತ್ತದೆ. ಸ್ಕ್ರೂ ಕೆಳಗೆ ಅದು ವರ್ಷ ಕಳೆದ ಹಾಗೆ ಒತ್ತಿಕೊಂಡು ಸಡಿಲವಾಗುತ್ತದೆ, ಮೇಲೆ ಪದರ ಕಟ್ಟುತ್ತದೆ. ಅದನ್ನು ತಾಮ್ರದ ಜೊತೆ ಸುತ್ತಿ ಟೇಪ್ ಹಚ್ಚಿದ್ದರೆ ಇನ್ನೂ ಕೆಟ್ಟದು. ಅಲ್ಯೂಮಿನಿಯಂ ಕಂಡರೆ ರಿಪೇರಿ ಮಾತು ಬೇಡ, ಬದಲಿಸಿ.

ಲೈಟ್ ಮಂಕಾಗುತ್ತಿದ್ದರೆ

ಗೀಸರ್ ಹಾಕಿದಾಗ ಲೈಟ್ ಕೊಂಚ ಇಳಿಯುವುದು, ಫ್ಯಾನ್ ನಿಧಾನ ಆಗುವುದು ನೋಡಿರುತ್ತೀರಿ. ಇದನ್ನು ಅಳೆಯಬಹುದು. ವೈರ್‌ಮನ್ ಹತ್ತಿರ ಡಿಬಿಯಲ್ಲಿ ವೋಲ್ಟೇಜ್ ನೋಡಿಸಿ, ಎಲ್ಲ ಆರಿಸಿ ಒಮ್ಮೆ, ಎಲ್ಲ ಹಾಕಿ ಒಮ್ಮೆ. ಆಮೇಲೆ ಕೆಳಗೆ ಮೀಟರ್ ಹತ್ತಿರವೂ ಹಾಗೇ ನೋಡಲಿ. ಮೇಲೆ ಇಳಿದು ಕೆಳಗೆ ಇಳಿಯದಿದ್ದರೆ ದೋಷ ನಡುವಿನ ವೈರಿನದ್ದು, ಅದು ನಿಮ್ಮ ಖರ್ಚು. ಕೆಳಗೂ ಇಳಿದರೆ ಸೊಸೈಟಿ ಅಥವಾ ಕಂಪನಿಯದ್ದು, ದೂರು ಕೊಡಿ.

ಎಷ್ಟು ಇಳಿದರೆ ಸಹಜ? ಮೀಟರಿನಿಂದ ಮನೆಗೆ 30 ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರಲು 60 ಮೀಟರ್ ವೈರ್. 4 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 4.6 ಓಮ್. ಅಂದರೆ ಇಲ್ಲಿ 0.28 ಓಮ್. 40 ಆಂಪ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಹೋಯಿತು. ಸುಮಾರು 440 ವ್ಯಾಟ್ ಬಿಸಿ ಆ ಪೈಪಿನೊಳಗೆ ಹುಟ್ಟುತ್ತದೆ, ಅದಕ್ಕೂ ಬಿಲ್ ನೀವೇ ಕಟ್ಟುತ್ತೀರಿ. ಅದೇ 10 ಸ್ಕ್ವೇರ್ ಎಂಎಂ ವೈರಾದರೆ ಇಳಿಯುವುದು ನಾಲ್ಕೂವರೆ ವೋಲ್ಟ್. ನಿಮ್ಮ ಮನೆಯಲ್ಲಿ ಇಳಿಯುವುದು 20, 25 ವೋಲ್ಟ್ ಅಂದರೆ ಬರೀ ವೈರ್ ತೆಳ್ಳಗಿದೆ ಅಂತ ಅಲ್ಲ, ದಾರಿಯಲ್ಲಿ ಎಲ್ಲೋ ಜಾಯಿಂಟ್ ಸುಡುತ್ತಿದೆ.

ಇದಕ್ಕೆ ತದ್ವಿರುದ್ಧ ಒಂದು ಲಕ್ಷಣ ಇದೆ, ಅದನ್ನು ಕಂಡರೆ ತಡ ಮಾಡಬಾರದು. ಕೆಲವು ಲೈಟ್ ಮಂಕಾಗಿ, ಕೆಲವು ಕಣ್ಣು ಕುಕ್ಕುವ ಹಾಗೆ ಉರಿಯುವುದು, ಇಲ್ಲವೇ ನಿಮ್ಮ ಮನೆಯಲ್ಲಿ ಜೋರಾಗಿ, ಎದುರು ಮನೆಯಲ್ಲಿ ಮಂಕಾಗಿ ಉರಿಯುವುದು. ತ್ರೀ ಫೇಸ್ ಸಪ್ಲೈಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಎಲ್ಲೋ ಬಿಟ್ಟಿದೆ ಅಂತ ಅರ್ಥ. 230 ಬರಬೇಕಾದ ಕಡೆ 300 ದಾಟಬಹುದು, 400ರ ಹತ್ತಿರಕ್ಕೂ ಹೋಗಬಹುದು. ಟಿವಿ, ಫ್ರಿಜ್, ಎಸಿ ಬೋರ್ಡ್ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಮೇನ್ ಆಫ್ ಮಾಡಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ, ಆಮೇಲೆ ಕಂಪನಿಗೆ ಫೋನ್ ಮಾಡಿ.

ಹೊಸ ಡಿಬಿ ಹಾಕಿದ ಮೇಲೆ ಆರ್‌ಸಿಸಿಬಿ ನಿಲ್ಲುತ್ತಲೇ ಇಲ್ಲ

ಹಳೆ ಕಿಟ್‌ಕ್ಯಾಟ್ ಫ್ಯೂಸ್ (ಕಿತ್ತು ತಂತಿ ಕಟ್ಟುವ ಪಿಂಗಾಣಿ ಫ್ಯೂಸ್) ಬೋರ್ಡ್ ತೆಗೆದು ಹೊಸ ಡಿಬಿ ಹಾಕಿಸಿದವರ ದೊಡ್ಡ ದೂರು ಇದು. "ಇಷ್ಟು ವರ್ಷ ಚೆನ್ನಾಗೇ ಇತ್ತಲ್ಲ!" ಅಂತಾರೆ. ಚೆನ್ನಾಗಿರಲಿಲ್ಲ. ಸೋರಿಕೆ ಆಗಲೂ ಇತ್ತು, ಹಿಡಿಯುವವರು ಯಾರೂ ಇರಲಿಲ್ಲ.

ಆರ್‌ಸಿಸಿಬಿ ನೋಡುವುದು ಒಂದನ್ನೇ. ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? 30 ಮಿಲಿಆಂಪ್ ವ್ಯತ್ಯಾಸ ಬಂದರೆ ಬೀಳಲೇಬೇಕು. ನಿಯಮದ ಪ್ರಕಾರ 15 ದಾಟಿದರೂ ಬೀಳಬಹುದು. ಲೋಡ್ ಎಷ್ಟಿದೆ ಎಂಬುದು ಅದಕ್ಕೆ ಸಂಬಂಧವೇ ಇಲ್ಲದ ವಿಷಯ.

ಹುಡುಕುವುದು ಹೀಗೆ. ಎಲ್ಲ ಸಣ್ಣ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ. ನಿಂತಿತಾ? ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಲೈನಿನಲ್ಲಿ ಹುಡುಕಿ. ನಮ್ಮೂರಿನ ಹವೆಗೆ ಮೊದಲ ಗುಮಾನಿ ಗೀಸರಿನ ಎಲಿಮೆಂಟ್ ಮೇಲೆ, ಎರಡನೆಯದು ಬಾಲ್ಕನಿಯ ಪಾಯಿಂಟ್ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೀಳುತ್ತದೆ, ಬಿಸಿಲು ಬಂದರೆ ಸರಿಹೋಗುತ್ತದೆ ಅಂದರೆ ನೀರು ಜಿನುಗುವ ಗೋಡೆಯಲ್ಲಿ ವೈರಿದೆ. ಅಲ್ಲಿ ಮೊದಲು ವೈರ್‌ಮನ್ ಅಲ್ಲ, ಗಾರೆಯವರು ಬೇಕು.

ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲುತ್ತಿಲ್ಲ ಅಂದರೆ ಬಹಳ ಜನ ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ಹೊಸದು ತರುತ್ತಾರೆ. ದುಡ್ಡು ದಂಡ. ಸಣ್ಣ ಎಂಸಿಬಿ ತೆಗೆಯುವುದು ಫೇಸ್ ಮಾತ್ರ, ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತದೆ. ಯಾವುದೋ ಸ್ವಿಚ್ ಡಬ್ಬಿಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ತಾಗಿದ್ದರೆ ಹೀಗಾಗುತ್ತದೆ. ವೈರ್‌ಮನ್ ನ್ಯೂಟ್ರಲ್ ಲಿಂಕಿನಿಂದ (ಎಲ್ಲ ನ್ಯೂಟ್ರಲ್ ವೈರ್ ಸೇರುವ ಪಟ್ಟಿ) ಒಂದೊಂದೇ ವೈರ್ ಬಿಚ್ಚಿ ಮೆಗ್ಗರ್ (ಸೋರಿಕೆ ಪತ್ತೆ ಮಾಡುವ ಉಪಕರಣ) ಹಾಕಿ ನೋಡುವುದೇ ದಾರಿ. ಇನ್ನೊಂದು, ಎರಡು ಆರ್‌ಸಿಸಿಬಿ ಇರುವ ಡಿಬಿಯಲ್ಲಿ ಹಾಲ್ ಕೋಣೆಯ ಲೈಟಿಗೆ ಬೆಡ್‌ರೂಮಿನ ಲೈನಿನಿಂದ ನ್ಯೂಟ್ರಲ್ ಎರವಲು ತಂದಿರುತ್ತಾರೆ. ಹಳೆ ಕಾಲದಲ್ಲಿ ಮೂರು ಅಡಿ ವೈರ್ ಉಳಿಸಲು ಮಾಡಿದ್ದು. ಆ ಲೈಟ್ ಹಾಕಿದ ತಕ್ಷಣ ಎರಡೂ ಬೀಳುತ್ತವೆ.

ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಅಂತ ಕೇಳುವವರಿದ್ದಾರೆ, 30ರ ಬದಲು 100 ಮಿಲಿಆಂಪ್ ಹಾಕಿ ಅಂತಲೂ. ನಾನು ಮಾಡುವುದಿಲ್ಲ. ಮನೆಗಳಿಗೆ 30ರದ್ದೇ ಇರಬೇಕು ಅನ್ನುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 100ರದ್ದು ಬೀಳುವಷ್ಟರಲ್ಲಿ ಮನುಷ್ಯನ ಎದೆ ನಿಂತಿರಬಹುದು.

ನಿಜಕ್ಕೂ ಲೋಡ್ ಹೆಚ್ಚಿಸಬೇಕಾದಾಗ

ಮೇಲಿನದ್ದೆಲ್ಲ ನೋಡಿ, ಸ್ಕ್ರೂ ಸರಿ, ಸೋರಿಕೆ ಇಲ್ಲ, ಲೆಕ್ಕ ಹಾಕಿದರೆ ಲೋಡೇ ಜಾಸ್ತಿ ಅಂತಾದರೆ ಮೊದಲು ಕರೆಂಟ್ ಬಿಲ್ ತೆಗೆಯಿರಿ. ಸ್ಯಾಂಕ್ಷನ್ಡ್ ಲೋಡ್ (ಕಂಪನಿ ನಿಮ್ಮ ಮನೆಗೆ ಮಂಜೂರು ಮಾಡಿದ ಲೋಡ್) ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಹಳೆ ಮನೆಗಳ ಬಿಲ್ಲಿನಲ್ಲಿ ಒಂದೋ ಎರಡೋ ಇದ್ದರೂ ಆಶ್ಚರ್ಯವಿಲ್ಲ. ಅರ್ಜಿ ಕೊಡುವುದು ನಿಮ್ಮ ಕಂಪನಿಗೆ. ಡೊಂಬಿವಲಿ, ಥಾಣೆ, ಮುಲುಂಡ್ ಕಡೆ ಮಹಾವಿತರಣ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗೆ ಬೆಸ್ಟ್. ಉಳಿದ ಉಪನಗರಗಳಲ್ಲಿ ಹೆಚ್ಚಾಗಿ ಅದಾನಿ ಅಥವಾ ಟಾಟಾ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೊಟ್ಟ ಟೆಸ್ಟ್ ರಿಪೋರ್ಟ್ ಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಸಿಂಗಲ್ ಫೇಸ್ 40 ಆಂಪ್‌ವರೆಗೆ, ಅಂದರೆ 9 ಕಿಲೋವ್ಯಾಟ್ ಆಸುಪಾಸು. ಅದಕ್ಕಿಂತ ಮೇಲೆ ತ್ರೀ ಫೇಸ್, ಅದಕ್ಕೆ ತಿಂಗಳ ಫಿಕ್ಸೆಡ್ ಚಾರ್ಜ್ ಜಾಸ್ತಿ.

ಸೊಸೈಟಿ ಸೆಕ್ರೆಟರಿ ಹತ್ತಿರ ಮೊದಲೇ ಮಾತಾಡಿ. ಮೀಟರ್ ರೂಮಿನ ಬಸ್‌ಬಾರ್ (ಎಲ್ಲ ಮೀಟರ್‌ಗೆ ಕರೆಂಟ್ ಹಂಚುವ ಲೋಹದ ಪಟ್ಟಿ), ಬಿಲ್ಡಿಂಗಿಗೆ ಬರುವ ಕೇಬಲ್ ಎಲ್ಲರಿಗೂ ಸೇರಿದ್ದು. ಎಲ್ಲ ಮನೆಯವರೂ ಎರಡೆರಡು ಎಸಿ ಹಾಕಿದ ಮೇಲೆ ನಿಮ್ಮೊಬ್ಬರ ವೈರ್ ದಪ್ಪ ಮಾಡಿದರೆ ಕೆಳಗಿನ ಫ್ಯೂಸ್ ಹಾರುತ್ತದೆ, ಬೈಗುಳ ನಿಮಗೆ.

ವೈರಿನ ವಿಷಯ ಬೇಗ ಹೇಳಿಬಿಡುತ್ತೇನೆ. 40 ಆಂಪ್ ಮೇನ್‌ಗೆ ಮೀಟರಿನಿಂದ 10 ಸ್ಕ್ವೇರ್ ಎಂಎಂ ತಾಮ್ರ, ಜೊತೆಗೆ ಸರಿಯಾದ ಅರ್ಥ್ ವೈರ್. ಎಸಿ, ಗೀಸರಿಗೆ ತಲಾ ಬೇರೆ ಲೈನ್, 4 ಸ್ಕ್ವೇರ್ ಎಂಎಂ, 20 ಆಂಪ್. ಅಡುಗೆಮನೆಯ ಪವರ್ ಪಾಯಿಂಟಿಗೆ 2.5, 16 ಆಂಪ್. ಲೈಟ್, ಫ್ಯಾನಿಗೆ 1.5, 6 ಅಥವಾ 10 ಆಂಪ್. ಹಳೆ ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಒಂದು ಕಿಟ್‌ಕ್ಯಾಟ್ ಫ್ಯೂಸ್ ಇದ್ದರೆ ಅದನ್ನು ತೆಗೆಸಿ ನೇರ ಲಿಂಕ್ ಹಾಕಿಸಿ. ಆ ಫ್ಯೂಸ್ ಸುಟ್ಟರೆ ಮನೆ ಕತ್ತಲೆಯಾಗಿರುತ್ತದೆ, ಆದರೆ ಪಾಯಿಂಟ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ತ್ರೀ ಫೇಸ್ ಬಂದ ಮೇಲೂ ಬೀಳುತ್ತಿದೆ ಅಂತ ಕರೆಯುವವರೂ ಇದ್ದಾರೆ. ಹೋಗಿ ನೋಡಿದರೆ ಎರಡು ಎಸಿ, ಗೀಸರ್ ಎಲ್ಲ ಒಂದೇ ಫೇಸ್ ಮೇಲೆ, ಇನ್ನೆರಡು ಫೇಸ್ ಮೇಲೆ ಫ್ಯಾನು, ಲೈಟು. 10 ಕಿಲೋವ್ಯಾಟನ್ನು ಮೂರಕ್ಕೂ ಸಮ ಹಂಚಿದರೆ ಒಂದೊಂದಕ್ಕೆ ಬರುವುದು 14, 15 ಆಂಪ್ ಮಾತ್ರ. ಡಿಬಿಯೊಳಗೆ ನಾಲ್ಕು ವೈರ್ ಜಾಗ ಬದಲಿಸಿದರೆ ಮುಗಿಯುವ ಕೆಲಸ.

ಕೆಲಸ ಮುಗಿದ ದಿನ ವೈರ್‌ಮನ್‌ಗೆ ಚಹಾ ಕೊಟ್ಟು ಅರ್ಧ ಗಂಟೆ ಕೂರಿಸಿಕೊಳ್ಳಿ. ಎಸಿ, ಗೀಸರ್, ಒಲೆ ಎಲ್ಲ ಒಟ್ಟಿಗೆ ಹಾಕಿ. ಕ್ಲಾಂಪ್ ಮೀಟರಿನಲ್ಲಿ ಪ್ರತಿ ಲೈನ್ ನೋಡಿಸಿ ಆಂಪ್ ಬರೆಸಿಕೊಳ್ಳಿ, ಯಾವ ಎಂಸಿಬಿ ಯಾವ ಕೋಣೆಯದ್ದು ಅಂತ ಡಿಬಿ ಬಾಗಿಲಿನ ಒಳಗೆ ಚೀಟಿ ಅಂಟಿಸಿಸಿ. ಆರ್‌ಸಿಸಿಬಿಯ 'ಟಿ' ಬಟನ್ ಒತ್ತಿ ನೋಡಿ, ಬಿದ್ದರೆ ಸರಿಯಿದೆ. ತಿಂಗಳಾದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು, ಅದನ್ನು ಕೂಲಿ ಮಾತಾಡುವಾಗಲೇ ಸೇರಿಸಿಬಿಡಿ. ಮುಂದಿನ ಬಿಲ್ಲುಗಳಲ್ಲಿ ಸ್ಯಾಂಕ್ಷನ್ಡ್ ಲೋಡ್ ಹೊಸ ಅಂಕಿಗೆ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಅರ್ಜಿಯ ರಸೀದಿ ಹಿಡಿದು ಮತ್ತೆ ಆಫೀಸಿಗೆ ಹೋಗಬೇಕಾಗುತ್ತದೆ.